ಸೂಕ್ಷ್ಮಜೀವಿಗಳ ಚಲನೆ

ಈಜುವುದು, ಜಾರುವುದು, ಮಿಥ್ಯಾಪಾದ ಚಾಚಿ ತೆವಳುವುದು ಸೂಕ್ಷ್ಮಜೀವಿಗಳ ಮುಖ್ಯ ಚಲನವಿಧಾನಗಳು. ಬ್ಯಾಕ್ಟೀರಿಯದ ಕಶಾಂಗ, ಹೆಸರು ಏನೇ ಹೇಳಲಿ, ಚಾಟಿಯಂತೆ ಬೀಸುವುದಿಲ್ಲ. ಬುಡದ ಪ್ರೋಟೀನ್ ಮೋಟಾರಿನಿಂದ ಗಿರಗಿರನೆ ತಿರುಗುತ್ತದೆ. ರಾಯಚೂರು ಜಿಲ್ಲೆಯ ಸಿರವಾರದಂಥ ಎರೆಸೀಮೆಯಲ್ಲಿ ಇಂಥ ಈಜಿನ ಫಲ ತೊಗರಿಯ ಬೇರುಗಂಟುಗಳಲ್ಲಿ ಕಾಣುತ್ತದೆ. ಬೇರು ಸ್ರವಿಸುವ ಫ್ಲೇವನಾಯ್ಡ್‌ಗಳ ಜಾಡು ಹಿಡಿದು ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಗಳು ಅತ್ತ ಈಜುತ್ತವೆ. ಗಂಟಿನೊಳಗೆ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಮಣ್ಣಿನ ಕಣಗಳ ನಡುವಿನ ನೀರಿನ ತೆಳುಪೊರೆಯೇ ಅವುಗಳ ದಾರಿ. ಎರೆ ಒಣಗಿ ಬಿರುಕುಬಿಟ್ಟರೆ ಪಯಣ ನಿಂತಂತೆಯೇ. ಅಣುಜೀವಿ ಗೊಬ್ಬರವನ್ನು ಬಿತ್ತುವ ಬೀಜಕ್ಕೇ ಲೇಪಿಸುವುದು ಅವು ಈಜಬೇಕಾದ ದೂರವನ್ನು ತಗ್ಗಿಸುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ಭತ್ತದ ಗದ್ದೆಗಳಲ್ಲಿ ನೀರಿಗೆ ಬರವಿಲ್ಲ, ಆದರೆ ಅನುಕೂಲ ರೋಗಾಣುವಿಗೂ ಇದೆ: ಒಂದೇ ಕಶಾಂಗದ ಕ್ಸಾಂಥೊಮೊನಾಸ್ ಒರೈಜೇ ಎಲೆಯಂಚಿನ ನೀರುರಂಧ್ರಗಳಿಂದ ಒಳಹೊಕ್ಕು ದುಂಡಾಣು ಅಂಗಮಾರಿ ತರುತ್ತದೆ.