ಮನೆಯ ಟಿವಿಗೆ ಬಾಡಿಗೆ ಸಿನಿಮಾ: ದರ, ಅವಧಿ ಮತ್ತು ರಿಮೋಟ್ ನಿಯಂತ್ರಣದ ಕೈಪಿಡಿ

ಶಿಕಾರಿಪುರ/ಸೊರಬ: ಒಂದು ರಾತ್ರಿಗೆ ಕಲರ್ ಟಿವಿ, ವಿಸಿಪಿ ಹಾಗೂ ಮೂರು ಕ್ಯಾಸೆಟ್‌ಗಳನ್ನು ಬಾಡಿಗೆಗೆ ತಂದು, ಓಣಿಯವರೆಲ್ಲ ಒಂದೇ ಅಂಗಳದಲ್ಲಿ ಕುಳಿತು ಬೆಳಗಿನ ಜಾವದವರೆಗೆ ಸಿನಿಮಾ ನೋಡಿದ ತಲೆಮಾರು ಶಿವಮೊಗ್ಗ ಜಿಲ್ಲೆಯ ಈ ಎರಡೂ ತಾಲ್ಲೂಕುಗಳಲ್ಲಿ ಇನ್ನೂ ಇದೆ. ಮರುದಿನ ಬೆಳಿಗ್ಗೆ ಕ್ಯಾಸೆಟ್ ಹಿಂದಿರುಗಿಸುವುದು ಆ ವ್ಯವಹಾರದ ಏಕೈಕ ಷರತ್ತಾಗಿತ್ತು. ನಡುರಾತ್ರಿ ಕರೆಂಟು ಹೋದರೆ ಅಂಗಡಿಯವನಿಗೆ ಹೇಳಿ ಇನ್ನೊಂದು ದಿನ ಇಟ್ಟುಕೊಳ್ಳಲು ಅವಕಾಶವಿತ್ತು.

ಇಂದು ಬಾಡಿಗೆ ಸಿನಿಮಾ ಅಂತರಜಾಲದ ಮೂಲಕ ನೇರವಾಗಿ ಟಿವಿಗೇ ಬರುತ್ತದೆ. ಕ್ಯಾಸೆಟ್ ಇಲ್ಲ, ಹಿಂದಿರುಗಿಸುವ ತಾಪತ್ರಯವೂ ಇಲ್ಲ. ಆದರೆ ಷರತ್ತು ಮಾತ್ರ ಉಳಿದಿದೆ, ಮತ್ತು ಅದನ್ನು ಜಾರಿಗೊಳಿಸುವುದು ಯಂತ್ರ. ಮಳೆಗಾಲದಲ್ಲಿ ವಿದ್ಯುತ್ ಹಾಗೂ ನೆಟ್‌ವರ್ಕ್ ಎರಡೂ ಕೈಕೊಡುವ ಮಲೆನಾಡು, ಅರೆಮಲೆನಾಡಿನ ಊರುಗಳಲ್ಲಿ ಈ ಷರತ್ತನ್ನು ಅರಿಯದೆ ಗುಂಡಿ ಒತ್ತಿದವರು ಹಣವನ್ನೂ ಸಿನಿಮಾವನ್ನೂ ಕಳೆದುಕೊಳ್ಳುವ ಸಂಭವವಿದೆ. ಬೆಂಗಳೂರಿನಲ್ಲಿ ಕುಳಿತು ಊರಿನಲ್ಲಿರುವ ತಂದೆತಾಯಿಗಾಗಿ ಸಿನಿಮಾ ಬಾಡಿಗೆಗೆ ಪಡೆಯುವ ಮಕ್ಕಳಿಗೂ ಈ ಮಾಹಿತಿ ಅಗತ್ಯ.

ಬಾಡಿಗೆ, ಚಂದಾ, ಖರೀದಿ

ಬೇಡಿಕೆಯ ಮೇರೆಗೆ ವಿಡಿಯೊ ಒದಗಿಸುವ ಸೇವೆಗಳಲ್ಲಿ ಮುಖ್ಯವಾಗಿ ನಾಲ್ಕು ವಿಧಗಳಿವೆ. ತಿಂಗಳಿಗೆ ಅಥವಾ ವರ್ಷಕ್ಕೆ ಇಂತಿಷ್ಟು ಹಣ ಕಟ್ಟಿ ಸಂಗ್ರಹದಲ್ಲಿರುವ ಎಲ್ಲವನ್ನೂ ನೋಡುವುದು ಚಂದಾ ಪದ್ಧತಿ. ಹಣ ಕೊಡದೆ, ಜಾಹೀರಾತುಗಳ ನಡುವೆ ನೋಡುವುದು ಎರಡನೆಯದು. ಒಂದು ಚಿತ್ರಕ್ಕೆ ಮಾತ್ರ ಹಣ ತೆತ್ತು ನಿಗದಿತ ಅವಧಿಯೊಳಗೆ ನೋಡಿ ಮುಗಿಸುವುದು ಬಾಡಿಗೆ. ಹೆಚ್ಚು ಹಣ ಕೊಟ್ಟು ಕಾಲಮಿತಿಯಿಲ್ಲದೆ ನೋಡುವ ಹಕ್ಕು ಪಡೆಯುವುದು ಖರೀದಿ.

ಒಂದೇ ಆ್ಯಪ್‌ನಲ್ಲಿ ಈ ವಿಧಗಳು ಬೆರೆತಿರುವುದೇ ಗೊಂದಲಕ್ಕೆ ಮೂಲ ಕಾರಣ. ಚಂದಾದಾರರಿಗೆ ಎಲ್ಲವೂ ಉಚಿತ ಎಂಬ ಭಾವನೆ ಸಹಜ. ಆದರೆ ಬಾಡಿಗೆ ವಿಭಾಗದಲ್ಲಿರುವ ಚಿತ್ರಕ್ಕೆ ಚಂದಾದಾರರೂ ಪ್ರತ್ಯೇಕ ಹಣ ತೆರಬೇಕು. ಚಿತ್ರದ ಪುಟದಲ್ಲಿ ದರ ನಮೂದಾಗಿದೆಯೇ ಎಂದು ನೋಡುವುದು ಮೊದಲ ಎಚ್ಚರಿಕೆ.

ಖರೀದಿ ಎಂಬ ಮಾತನ್ನೂ ಎಚ್ಚರದಿಂದ ಅರ್ಥೈಸಬೇಕು. ಡಿವಿಡಿ ಕೊಂಡಂತೆ ಇಲ್ಲಿ ವಸ್ತುವೇನೂ ಕೈಸೇರುವುದಿಲ್ಲ. ದೊರೆಯುವುದು ಆ ಸೇವೆಯ ಮೂಲಕ ನೋಡುವ ಪರವಾನಗಿ ಮಾತ್ರ. ಆ ಸೇವೆಯ ಹಕ್ಕು ಅಥವಾ ಸ್ವರೂಪ ಬದಲಾದರೆ ನೋಡುವ ಮಾರ್ಗವೂ ಬದಲಾಗುತ್ತದೆ. 2024ರ ಜನವರಿಯಲ್ಲಿ ಗೂಗಲ್ ತನ್ನ 'ಪ್ಲೇ ಮೂವೀಸ್' ಆ್ಯಪ್ ಅನ್ನು ಆಂಡ್ರಾಯ್ಡ್ ಟಿವಿಗಳಿಂದ ಹಿಂತೆಗೆದುಕೊಂಡಾಗ, ಅಲ್ಲಿ ಚಿತ್ರ ಕೊಂಡಿದ್ದವರು ಬೇರೆ ಮಾರ್ಗಗಳ ಮೂಲಕ ತಮ್ಮ ಸಂಗ್ರಹವನ್ನು ಹುಡುಕಿಕೊಳ್ಳಬೇಕಾಯಿತು.

ಕೆಜಿಎಫ್ ಕಲಿಸಿದ ಲೆಕ್ಕ

ಕರ್ನಾಟಕಕ್ಕೆ ಬಾಡಿಗೆ ಕಲ್ಪನೆ ಹೊಸದಲ್ಲ. 2005ರಲ್ಲಿ ಆರಂಭವಾದ ಬೆಂಗಳೂರಿನ ಸೆವೆಂಟಿಎಂಎಂ ಸಂಸ್ಥೆ ಅಂತರಜಾಲದಲ್ಲಿ ಬೇಡಿಕೆ ಪಡೆದು ಡಿವಿಡಿಗಳನ್ನು ಮನೆಬಾಗಿಲಿಗೆ ತಲುಪಿಸುತ್ತಿತ್ತು. ಅದರ ನಂತರ ಡಿಟಿಎಚ್ ಕಂಪನಿಗಳು ಒಂದೊಂದು ಚಿತ್ರಕ್ಕೂ ಹಣ ಪಡೆದು ತೋರಿಸುವ ವ್ಯವಸ್ಥೆಯನ್ನು ಆರಂಭಿಸಿದವು.

ಆದರೆ ಕನ್ನಡ ಚಿತ್ರವೊಂದರ ಮೂಲಕ ಈ ಪದ್ಧತಿ ಮನೆಮಾತಾದದ್ದು 2022ರಲ್ಲಿ. ಆ ವರ್ಷದ ಏಪ್ರಿಲ್ ಕೊನೆಯಲ್ಲಿ ಅಮೆಜಾನ್ ಪ್ರೈಮ್ ವಿಡಿಯೊ ಭಾರತದಲ್ಲಿ ಬಾಡಿಗೆ ವಿಭಾಗವನ್ನು ತೆರೆಯಿತು. ಏಪ್ರಿಲ್ 14ರಂದು ಚಿತ್ರಮಂದಿರಗಳಲ್ಲಿ ತೆರೆಕಂಡಿದ್ದ 'ಕೆಜಿಎಫ್ ಚಾಪ್ಟರ್ 2' ಮೇ 16ರಿಂದ ಅಲ್ಲಿ 199 ರೂಪಾಯಿ ಬಾಡಿಗೆಗೆ ದೊರೆಯಿತು. ಕನ್ನಡ, ಹಿಂದಿ, ತೆಲುಗು, ತಮಿಳು ಹಾಗೂ ಮಲಯಾಳಂ ಭಾಷೆಗಳಲ್ಲಿ ಲಭ್ಯವಿದ್ದ ಈ ಚಿತ್ರವನ್ನು ಚಂದಾದಾರರಲ್ಲದವರೂ ಬಾಡಿಗೆಗೆ ಪಡೆಯಬಹುದಿತ್ತು. ಜೂನ್ 3ರಂದು ಅದೇ ಚಿತ್ರ ಪ್ರೈಮ್ ಚಂದಾದಾರರಿಗೆ ಹೆಚ್ಚುವರಿ ಶುಲ್ಕವಿಲ್ಲದೆ ಲಭ್ಯವಾಯಿತು. ಅಂದರೆ ಚಂದಾದಾರನೊಬ್ಬ ಆ 199 ರೂಪಾಯಿ ಕೊಟ್ಟದ್ದು ಚಿತ್ರಕ್ಕಲ್ಲ, 18 ದಿನ ಮುಂಚಿತವಾಗಿ ನೋಡುವ ಅವಕಾಶಕ್ಕೆ. ಹೊಸ ಚಿತ್ರವನ್ನು ಬಾಡಿಗೆಗೆ ಪಡೆಯುವ ಮುನ್ನ, ಅದು ಚಂದಾದಾರರಿಗೆ ಲಭ್ಯವಾಗುವ ದಿನಾಂಕ ಪ್ರಕಟವಾಗಿದೆಯೇ ಎಂದು ವಿಚಾರಿಸಿಕೊಳ್ಳುವುದು ಲಾಭಕರ.

ಎರಡು ಗಡಿಯಾರಗಳು

ಬಾಡಿಗೆ ಚಿತ್ರಕ್ಕೆ ಸಾಮಾನ್ಯವಾಗಿ ಎರಡು ಕಾಲಮಿತಿಗಳಿರುತ್ತವೆ. ಪ್ರೈಮ್ ವಿಡಿಯೊ 2022ರಲ್ಲಿ ಪ್ರಕಟಿಸಿದ ನಿಯಮದಂತೆ, ಹಣ ಪಾವತಿಸಿದ ದಿನದಿಂದ 30 ದಿನಗಳೊಳಗೆ ಚಿತ್ರವನ್ನು ನೋಡಲು ಆರಂಭಿಸಬೇಕು; ಆರಂಭಿಸಿದ ಕ್ಷಣದಿಂದ 48 ಗಂಟೆಗಳೊಳಗೆ ಮುಗಿಸಬೇಕು. ಮೊದಲ ಗಡಿಯಾರ ಉದಾರಿ, ಎರಡನೆಯದು ನಿಷ್ಠುರಿ.

ವೀಕ್ಷಕರು ಎಡವುವುದು ಎರಡನೆಯದರಲ್ಲಿ. ಶುಕ್ರವಾರ ರಾತ್ರಿ 9ಕ್ಕೆ ಆರಂಭಿಸಿದ ಚಿತ್ರದ ಅವಧಿ ಭಾನುವಾರ ರಾತ್ರಿ 9ಕ್ಕೆ ಮುಗಿಯುತ್ತದೆ. ನಡುವೆ 'ಪಾಸ್' ಗುಂಡಿ ಒತ್ತಿದರೆ ಚಿತ್ರ ನಿಲ್ಲುತ್ತದೆಯೇ ಹೊರತು ಗಡಿಯಾರ ನಿಲ್ಲುವುದಿಲ್ಲ. ಟಿವಿ ಆರಿಸಿದರೂ, ಕರೆಂಟು ಹೋದರೂ, ನೆಟ್‌ವರ್ಕ್ ಕಡಿದರೂ ಗಂಟೆಗಳು ಉರುಳುತ್ತಲೇ ಇರುತ್ತವೆ. ಚಿತ್ರ ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸಲು ಒಂದು ನಿಮಿಷ ಓಡಿಸಿ ನೋಡಿದರೂ ಅವಧಿ ಆರಂಭವಾದಂತೆಯೇ. ಟ್ರೇಲರ್ ನೋಡುವುದರಿಂದ ಮಾತ್ರ ಈ ತೊಂದರೆ ಇಲ್ಲ. ಸಂಪರ್ಕದ ವೇಗವನ್ನು ಪರೀಕ್ಷಿಸಲು ಟ್ರೇಲರನ್ನೇ ಬಳಸುವುದು ಜಾಣತನ.

ಈ ಅವಧಿ ಸೇವೆಯಿಂದ ಸೇವೆಗೆ, ಕೆಲವೊಮ್ಮೆ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ. ಹಣ ಪಾವತಿಸುವ ಪುಟದಲ್ಲಿ ಅದು ನಮೂದಾಗಿರುತ್ತದೆ. ಸಣ್ಣ ಅಕ್ಷರದಲ್ಲಿದ್ದರೂ ಓದತಕ್ಕದ್ದು.

ಡಿಟಿಎಚ್‌ಗೂ ಅಂತರಜಾಲಕ್ಕೂ ವ್ಯತ್ಯಾಸ

ಡಿಟಿಎಚ್ ಬುಟ್ಟಿಯ ಮೂಲಕ ಬರುವ ಸಿನಿಮಾ ಸೇವೆಗೂ ಅಂತರಜಾಲದ ಬಾಡಿಗೆಗೂ ಮೂಲಭೂತ ವ್ಯತ್ಯಾಸವಿದೆ. ಉಪಗ್ರಹದ ಸಂಕೇತ ಒಂದೇ ದಿಕ್ಕಿನದು. ಅದು ಎಲ್ಲ ಮನೆಗಳಿಗೂ ಏಕಕಾಲಕ್ಕೆ ಇಳಿಯುತ್ತದೆ. ಹಣ ಕೊಟ್ಟ ಮನೆಯ ಸೆಟ್‌ಟಾಪ್ ಬಾಕ್ಸ್ ಮಾತ್ರ ಅದನ್ನು ಬಿಡಿಸಿ ತೋರಿಸುತ್ತದೆ. ಆದ್ದರಿಂದ ಚಿತ್ರ ನಿಗದಿತ ವೇಳೆಗೇ ಆರಂಭವಾಗುತ್ತದೆ. ಧ್ವನಿಮುದ್ರಣದಂತೆ ದೃಶ್ಯವನ್ನೂ ದಾಖಲಿಸಿಕೊಳ್ಳುವ ಸೌಲಭ್ಯ ಬಾಕ್ಸ್‌ನಲ್ಲಿ ಇಲ್ಲದಿದ್ದರೆ ನಿಲ್ಲಿಸಲೂ ಹಿಂದಕ್ಕೆ ಹೋಗಲೂ ಬರುವುದಿಲ್ಲ.

ಭಾರತದ ಡಿಟಿಎಚ್ ಸೇವೆಗಳು ಬಳಸುವ ಕೆಯು ಬ್ಯಾಂಡ್ ತರಂಗಗಳ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸಿನದು. ಜೋರು ಮಳೆಯ ಹನಿಗಳು ಈ ತರಂಗಗಳನ್ನು ಹೀರಿಕೊಂಡು ಚದುರಿಸುತ್ತವೆ. ಜುಲೈ ತಿಂಗಳ ಸೊರಬದಲ್ಲಿ ಪರದೆಯ ಮೇಲೆ ಸಂಕೇತವಿಲ್ಲ ಎಂಬ ಸೂಚನೆ ಮೂಡುವುದಕ್ಕೆ ಬುಟ್ಟಿಯ ದೋಷಕ್ಕಿಂತ ಹೆಚ್ಚಾಗಿ ಇದೇ ಕಾರಣ. ಮಳೆ ತಗ್ಗಿದರೆ ಸಂಕೇತ ಮರಳುತ್ತದೆ, ಕಳೆದುಹೋದ ದೃಶ್ಯ ಮರಳುವುದಿಲ್ಲ.

ಅಂತರಜಾಲದ ಸಂಪರ್ಕ ಎರಡು ದಿಕ್ಕಿನದು. ಚಿತ್ರವನ್ನು ಕೆಲವೇ ಸೆಕೆಂಡುಗಳ ಸಣ್ಣ ತುಂಡುಗಳಾಗಿ, ಬೇರೆ ಬೇರೆ ಗುಣಮಟ್ಟದಲ್ಲಿ ಸರ್ವರ್‌ನಲ್ಲಿ ಇಟ್ಟಿರುತ್ತಾರೆ. ಟಿವಿ ತನಗೆ ಬೇಕಾದ ತುಂಡನ್ನು ಕೇಳಿ ತರಿಸಿಕೊಳ್ಳುತ್ತದೆ. ಹಿಂದಕ್ಕೆ, ಮುಂದಕ್ಕೆ ಹೋಗುವುದೆಂದರೆ ಬೇರೆ ತುಂಡನ್ನು ಕೇಳುವುದು, ಅಷ್ಟೇ. ಸಂಪರ್ಕ ದುರ್ಬಲವಾದಾಗ ಚಿತ್ರ ಮಸುಕಾಗುವುದು ದೋಷವಲ್ಲ; ನಿಲ್ಲದೆ ಓಡಲೆಂದು ಟಿವಿಯೇ ಕಡಿಮೆ ಗುಣಮಟ್ಟದ ತುಂಡುಗಳನ್ನು ಕೇಳುತ್ತಿರುತ್ತದೆ.

ರಿಮೋಟ್‌ನಲ್ಲಿ ತಿಳಿದಿರಬೇಕಾದವು

ಮಧ್ಯದ ಗುಂಡಿ ಚಿತ್ರವನ್ನು ನಿಲ್ಲಿಸುತ್ತದೆ, ಮತ್ತೆ ಒತ್ತಿದರೆ ಓಡಿಸುತ್ತದೆ. ಎಡಬಲದ ಬಾಣಗಳು ಬಹುತೇಕ ಆ್ಯಪ್‌ಗಳಲ್ಲಿ 10 ಸೆಕೆಂಡುಗಳಷ್ಟು ಹಿಂದಕ್ಕೆ ಅಥವಾ ಮುಂದಕ್ಕೆ ಒಯ್ಯುತ್ತವೆ. ಹಿಂದಿನ ಪುಟಕ್ಕೆ ಮರಳುವ ಗುಂಡಿ ಒತ್ತಿದರೆ ಚಿತ್ರದಿಂದ ಹೊರಬಂದಂತೆ. ಗಾಬರಿ ಬೇಕಿಲ್ಲ, ಮತ್ತೆ ತೆರೆದಾಗ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಈ ನೆನಪು ಟಿವಿಯಲ್ಲಿ ಅಲ್ಲ, ಖಾತೆಯಲ್ಲಿ ಇರುತ್ತದೆ. ಆದ್ದರಿಂದ ಟಿವಿಯಲ್ಲಿ ಅರ್ಧ ನೋಡಿದ ಚಿತ್ರವನ್ನು ಅದೇ ಖಾತೆಯ ಮೊಬೈಲ್‌ನಲ್ಲಿ ಮುಗಿಸಬಹುದು. ಏಕಕಾಲಕ್ಕೆ ಎಷ್ಟು ಉಪಕರಣಗಳಲ್ಲಿ ನೋಡಬಹುದು ಎಂಬುದಕ್ಕೆ ಮಾತ್ರ ಮಿತಿ ಇರುತ್ತದೆ.

ಭಾಷೆಯ ಆಯ್ಕೆ ಇನ್ನೊಂದು ಮುಖ್ಯ ಸಂಗತಿ. ಕೆಲವು ಸೇವೆಗಳಲ್ಲಿ ಒಂದೇ ಚಿತ್ರದೊಳಗೆ ಧ್ವನಿಯನ್ನು ಬದಲಿಸಬಹುದು. ಕೆಲವೆಡೆ ಕನ್ನಡ ಆವೃತ್ತಿಗೆ ಪ್ರತ್ಯೇಕ ಪುಟವಿರುತ್ತದೆ. ಎರಡನೆಯ ಸಂದರ್ಭದಲ್ಲಿ ಹಿಂದಿ ಪುಟದಲ್ಲಿ ಹಣ ಕಟ್ಟಿದವರಿಗೆ ಕನ್ನಡ ದೊರೆಯದಿರಬಹುದು. ಕಿವಿ ಮಂದವಾದ ಹಿರಿಯರಿಗೆ ಅಡಿಬರಹ ಬೇಕಿದ್ದರೆ, ಅದು ಇದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು.

ಡೇಟಾ ಎಷ್ಟು ಬೇಕು?

ಪೂರ್ಣ ಎಚ್‌ಡಿ ಗುಣಮಟ್ಟಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ವೇಗ ಬೇಕು ಎಂದು ಇಟ್ಟುಕೊಂಡರೆ, ಒಂದು ಗಂಟೆಗೆ ಸುಮಾರು 2.25 ಜಿಬಿ ಡೇಟಾ ವ್ಯಯವಾಗುತ್ತದೆ. 168 ನಿಮಿಷಗಳ 'ಕೆಜಿಎಫ್ ಚಾಪ್ಟರ್ 2' ನೋಡಲು 6 ಜಿಬಿಗೂ ಹೆಚ್ಚು ಬೇಕು. ಸೆಕೆಂಡಿಗೆ 1 ಮೆಗಾಬಿಟ್ ಸಾಕಾಗುವ ಸಾಧಾರಣ ಗುಣಮಟ್ಟದಲ್ಲಿ ಅದೇ ಚಿತ್ರ ಸುಮಾರು 1.3 ಜಿಬಿಯಲ್ಲಿ ಮುಗಿಯುತ್ತದೆ. ದಿನಕ್ಕೆ 1.5 ಜಿಬಿ ಮಿತಿಯ ಮೊಬೈಲ್ ಪ್ಯಾಕ್‌ನಿಂದ ಟಿವಿಗೆ ಸಂಪರ್ಕ ಕೊಟ್ಟವರು ಗುಣಮಟ್ಟವನ್ನು ತಗ್ಗಿಸದಿದ್ದರೆ, ಮಧ್ಯಂತರಕ್ಕೂ ಮುನ್ನವೇ ಡೇಟಾ ಖಾಲಿಯಾಗುತ್ತದೆ.

ಮನೆಗೆ ಫೈಬರ್ ಸಂಪರ್ಕ ಇಲ್ಲದವರಿಗೆ ಡೌನ್‌ಲೋಡ್ ಉತ್ತಮ ಮಾರ್ಗ. ನೆಟ್‌ವರ್ಕ್ ಚೆನ್ನಾಗಿರುವ ಪೇಟೆಯಲ್ಲಿ ಚಿತ್ರವನ್ನು ಮೊಬೈಲಿಗೆ ಇಳಿಸಿಕೊಂಡು ಹಳ್ಳಿಯ ಮನೆಯಲ್ಲಿ ನೋಡಬಹುದು. 48 ಗಂಟೆಗಳ ನಿಯಮ ಅದಕ್ಕೂ ಅನ್ವಯಿಸುತ್ತದೆ. ಫೈಬರ್ ಇರುವ ಮನೆಯಲ್ಲೂ ಕರೆಂಟು ಹೋದಾಗ ರೂಟರ್ ಆರಿಹೋಗುತ್ತದೆ. ಅದಕ್ಕೆ ಬೇಕಾದ ವಿದ್ಯುತ್ ಅತ್ಯಲ್ಪವಾದ್ದರಿಂದ ಟಿವಿಯ ಜೊತೆಗೆ ರೂಟರನ್ನೂ ಇನ್ವರ್ಟರ್ ಸಾಲಿಗೆ ಸೇರಿಸುವುದು ಒಳಿತು.

ಮಕ್ಕಳ ಕೈಗೆ ರಿಮೋಟ್

ಬಾಡಿಗೆ ಗುಂಡಿ ಮಕ್ಕಳ ಕೈಗೆ ಸಿಕ್ಕರೆ ಹಣ ಕಡಿತವಾಗುವ ಅಪಾಯವಿದೆ. ಕಾರ್ಡ್ ಪಾವತಿಗೆ ಸಾಮಾನ್ಯವಾಗಿ ಒಟಿಪಿ ಬೇಕಾಗುತ್ತದೆ. ವಾಲೆಟ್‌ನಲ್ಲಿ ಹಣ ಇಟ್ಟಿದ್ದರೆ ಆ ತಡೆ ಇಲ್ಲದಿರಬಹುದು. ಖಾತೆಯ ಸೆಟ್ಟಿಂಗ್‌ನಲ್ಲಿ ಖರೀದಿಗೆ ಪಿನ್ ಸಂಖ್ಯೆ ಕಡ್ಡಾಯಗೊಳಿಸಿದರೆ ಈ ಆತಂಕ ತಪ್ಪುತ್ತದೆ.

ಕೇಂದ್ರ ಸರ್ಕಾರ 2021ರ ಫೆಬ್ರುವರಿ 25ರಂದು ಹೊರಡಿಸಿದ ಮಾಹಿತಿ ತಂತ್ರಜ್ಞಾನ ನಿಯಮಗಳು ಇಂಥ ಸೇವೆಗಳಿಗೆ ವಯೋಮಾನದ ವರ್ಗೀಕರಣವನ್ನು ವಿಧಿಸಿವೆ. 13 ವರ್ಷ ಹಾಗೂ ಅದಕ್ಕೆ ಮೇಲ್ಪಟ್ಟ ವರ್ಗದ ಚಿತ್ರಗಳಿಗೆ ಪೋಷಕರ ಬೀಗ, ವಯಸ್ಕರ ಚಿತ್ರಗಳಿಗೆ ವಯಸ್ಸಿನ ಪರಿಶೀಲನೆ ಇರಬೇಕು. ಸೌಲಭ್ಯ ಒದಗಿಸುವುದು ಕಂಪನಿಯ ಹೊಣೆ. ಬೀಗ ಹಾಕುವುದು ಮನೆಯವರದು.

ಹಣ ಹೋದರೆ?

ತಪ್ಪಿ ಬಾಡಿಗೆ ಪಡೆದಿದ್ದು, ಚಿತ್ರವನ್ನು ಇನ್ನೂ ಆರಂಭಿಸದಿದ್ದರೆ ಕೆಲವು ಸೇವೆಗಳು ರದ್ದತಿಗೆ ಅವಕಾಶ ಕೊಡುತ್ತವೆ. ಆರಂಭಿಸಿದ ಮೇಲೆ ಹಣ ಮರಳುವುದು ಕಷ್ಟ. ಚಿತ್ರ ಓಡದಿದ್ದಲ್ಲಿ ಪರದೆಯ ಮೇಲಿನ ಸೂಚನೆಯ ಫೋಟೊ ತೆಗೆದು, ವೇಳೆ ಗುರುತಿಸಿಕೊಂಡು, ಪಾವತಿಯ ಸಂದೇಶದೊಡನೆ ಕಂಪನಿಗೆ ಕೂಡಲೇ ದೂರು ನೀಡಬೇಕು. ಸ್ಪಂದನೆ ದೊರೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದರ ಮುಂದಿನ ಹಂತ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿಯ ನಿಯಮಗಳಂತೆ, ಪಾವತಿಸಿದ ಮೌಲ್ಯ 5 ಲಕ್ಷ ರೂಪಾಯಿ ಮೀರದ ದೂರುಗಳಿಗೆ ಶುಲ್ಕವಿಲ್ಲ. 199 ರೂಪಾಯಿಗಾಗಿ ಯಾರೂ ಶಿವಮೊಗ್ಗಕ್ಕೆ ಬಸ್ಸು ಹತ್ತಲಾರರು ಎಂಬುದು ನಿಜ. ಆದ್ದರಿಂದಲೇ ಗುಂಡಿ ಒತ್ತುವ ಮುನ್ನ ತೋರುವ ಎಚ್ಚರಿಕೆಗೆ ಬೆಲೆ ಹೆಚ್ಚು.

ಸಣ್ಣ ಊರು, ಸಣ್ಣ ಚಿತ್ರ

ದೊಡ್ಡ ಚಿತ್ರಗಳಿಗೆ ಬಾಡಿಗೆ ಹೆಚ್ಚುವರಿ ಆದಾಯ. ಚಿತ್ರಮಂದಿರ ಸಿಗದ ಸಣ್ಣ ಕನ್ನಡ ಚಿತ್ರಗಳಿಗೆ, ಆ ಚಿತ್ರಗಳು ತಲುಪದ ಸಣ್ಣ ಊರುಗಳಿಗೆ ಇದೊಂದು ಅಗತ್ಯ. ನೋಡಿದ ಚಿತ್ರಕ್ಕೆ ಮಾತ್ರ ಹಣ ಎಂಬ ತತ್ವದ ಮೇಲೆ ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ 'ಸಿ ಸ್ಪೇಸ್' ಎಂಬ ಸೇವೆಯನ್ನು 75 ರೂಪಾಯಿ ದರದಲ್ಲಿ ಆರಂಭಿಸಿತು. ಕನ್ನಡ ಚಿತ್ರಗಳಿಗಾಗಿ ರಾಜ್ಯದ್ದೇ ಒಟಿಟಿ ವೇದಿಕೆ ರೂಪಿಸುವುದಾಗಿ ಕರ್ನಾಟಕ ಸರ್ಕಾರ 2025-26ರ ಬಜೆಟ್‌ನಲ್ಲಿ ಘೋಷಿಸಿತು. ಅಂಥ ವೇದಿಕೆ ರೂಪುಗೊಳ್ಳುವಾಗ ದರದಷ್ಟೇ ಅವಧಿಯ ಪ್ರಶ್ನೆಯೂ ಮುಖ್ಯವಾಗಬೇಕು. ಮಳೆ ಹಿಡಿದು ಎರಡು ದಿನ ಕರೆಂಟು ಬಾರದ ಚಂದ್ರಗುತ್ತಿಯ ಮನೆಗೆ 48 ಗಂಟೆಗಳ ಗಡಿಯಾರ ನ್ಯಾಯವೆನಿಸದು. ಕ್ಯಾಸೆಟ್ ಅಂಗಡಿಯವನು ಕೊಡುತ್ತಿದ್ದ ಆ ಒಂದು ದಿನದ ರಿಯಾಯಿತಿಯನ್ನು ನಿಯಮದಲ್ಲೇ ಬರೆದಿಡುವುದಕ್ಕೆ ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ.