ಮೊದಲು ಕೇಳಬೇಕಾದ ಪ್ರಶ್ನೆ

ಹಳೆಯ ಶಿಷ್ಯನೊಬ್ಬ ಮೊನ್ನೆ ಮನೆಗೆ ಬಂದಿದ್ದ. ಕೈಯಲ್ಲಿ ಭದ್ರವಾದ ನೌಕರಿ. ಹೊರಗಿನಿಂದ ಹೊಸದೊಂದು ಕರೆ. ‘ಇರಲೆ, ಬಿಡಲೆ?’ ಎಂಬುದು ಅವನ ಸಂಕಟ. ಉಪದೇಶಕ್ಕೆ ಬದಲು ನಾನು ವಿಶ್ವೇಶ್ವರಯ್ಯನವರ ಸಂಗತಿ ಹೇಳಿದೆ.

ಅವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದವರು. ಖಡಕವಾಸಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನಿಟ್ಟು ಹೆಸರಾದವರು. ಆದರೆ ಭಾರತೀಯನೊಬ್ಬನಿಗೆ ಅಲ್ಲಿ ಮುಖ್ಯ ಎಂಜಿನಿಯರ್ ಪದವಿ ಎಟುಕುವಂತಿರಲಿಲ್ಲ. ವಿಶ್ರಾಂತಿ ವೇತನಕ್ಕೆ ಬೇಕಾದ 25 ವರ್ಷ ತುಂಬುವ ಮೊದಲೇ, 1908ರಲ್ಲಿ, ಕೆಲಸ ಬಿಡಲು ನಿಶ್ಚಯಿಸಿದರು. ಸರ್ಕಾರ ನಿಯಮ ಸಡಿಲಿಸಿ ವೇತನ ಕೊಟ್ಟದ್ದು ಆಮೇಲಿನ ಮಾತು.

ಆ ವರ್ಷವೇ ಮೂಸಿ ನದಿ ಉಕ್ಕಿ ಹೈದರಾಬಾದು ಹಾಳಾಯಿತು. ಅದನ್ನು ಕಾಪಾಡುವ ಯೋಜನೆಗೆ ಅವರಿಗೆ ಕರೆ ಬಂತು. 1909ರಲ್ಲಿ ಮೈಸೂರು ಸಂಸ್ಥಾನ ಮುಖ್ಯ ಎಂಜಿನಿಯರ್ ಪದವಿಗೇ ಕರೆಯಿತು. ಮತ್ತೊಬ್ಬರಾಗಿದ್ದರೆ ಕೂಡಲೆ ಗಂಟುಮೂಟೆ ಕಟ್ಟುತ್ತಿದ್ದರು. ಅವರು ಒಪ್ಪುವ ಮುನ್ನ ಒಂದು ಮಾತು ಕೇಳಿದರು: ಕೈಗಾರಿಕೆ, ತಾಂತ್ರಿಕ ಶಿಕ್ಷಣಗಳನ್ನು ಬೆಳೆಸುವ ಮನಸ್ಸು ಸಂಸ್ಥಾನಕ್ಕುಂಟೆ? ಅನುಕೂಲವಾದ ಉತ್ತರ ಬಂದ ಮೇಲೆಯೇ ಬಂದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾಯಿತು. 1912ರಲ್ಲಿ ಅವರು ದಿವಾನರಾದರು.

ನನಗೂ ಒಮ್ಮೆ ಪರಊರಿನಿಂದ ಕರೆ ಬಂದಿತ್ತು, ಹಸ್ತಪ್ರತಿಗಳ ಕೆಲಸ. ಸಂಬಳವೆಷ್ಟು, ಮನೆ ಬಾಡಿಗೆಯೆಷ್ಟು ಎಂದು ವಿಚಾರಿಸಿದೆ. ಎಷ್ಟು ಓಲೆಕಟ್ಟುಗಳಿವೆ, ಅವುಗಳಲ್ಲಿ ಏನಿದೆ ಎಂದು ಕೇಳಲೇ ಇಲ್ಲ. ಲೆಕ್ಕ ಕೂಡಲಿಲ್ಲ, ಇಲ್ಲೇ ಉಳಿದೆ. ಉಳಿದದ್ದಕ್ಕೆ ಅಷ್ಟಾಗಿ ವ್ಯಥೆಯಿಲ್ಲ, ಕೇಳದೆ ಹೋದದ್ದಕ್ಕೆ ಇದೆ.

ಶಿಷ್ಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬರೆಯಲು ಒಂದು ಹಾಳೆ ಕೇಳಿದ.