ಶ್ರೀಗಂಧವೂ ಅದರ ನೆರೆಯವರೂ

ಚಂದನದ ಸಹವಾಸದಿಂದ ನೆರೆಯ ಬೇವೂ ಚಂದನವಾಗುವುದೆಂದು ನಾವು ಪಾಠಶಾಲೆಯಲ್ಲಿ ಕಲಿತೆವು. ಕವಿಸಮಯವು ಮನೋಹರವೇ, ಆದರೆ ನಮ್ಮ ಕಾಡಿನ ಚರಿತ್ರೆಯು ಬೇರೊಂದು ಮಾತನ್ನು ಹೇಳುವುದು.

ಮೈಸೂರು ಸೀಮೆಯ ಬೆಟ್ಟಗಳಲ್ಲಿ ಗ್ರಾನೈಟ್ ಶಿಲೆಯು ಶಿಥಿಲವಾಗಿ ಕೆಮ್ಮಣ್ಣಾಗುವುದು. ಶಿಲೆಯ ಪೊಟ್ಯಾಷ್ ಸಾರವೂ ಉದುರಿದ ಎಲೆಗಳ ಗೊಬ್ಬರವೂ ಸೇರಿದ ತಪ್ಪಲುಗಳಲ್ಲಿ ದಿಂಡುಗ, ಕಕ್ಕೆ, ಬಿದಿರುಗಳ ನಡುವೆ ಶ್ರೀಗಂಧವು ಬೆಳೆಯುವುದು.

1792ರಲ್ಲಿ ಟಿಪ್ಪು ಸುಲ್ತಾನನು ಇದನ್ನು ರಾಜವೃಕ್ಷವೆಂದು ಸಾರಿದನು. ಮುಂದಿನ ಸರ್ಕಾರಗಳೂ ಆ ಸ್ವಾಮ್ಯವನ್ನು ಬಿಡಲಿಲ್ಲ. ಭೂಮಿಯ ಒಡೆಯನಿಗೆ ಮರದ ಹಕ್ಕು ದೊರೆತುದು 2001ರಲ್ಲಿ. ಗಂಧಕ್ಕೆ ಕಾವಲಿದ್ದಿತು, ಪಕ್ಕದ ಕಕ್ಕೆಗೆ ಆ ಮರ್ಯಾದೆಯಿರಲಿಲ್ಲ.

ಆದರೆ 1871ರಲ್ಲಿಯೇ ಜಾನ್ ಸ್ಕಾಟ್ ಎಂಬ ಸಸ್ಯಶಾಸ್ತ್ರಜ್ಞನು, ಗಂಧದ ಬೇರು ನೆರೆಮರಗಳ ಬೇರನ್ನು ಹಿಡಿದು ಸಾರವನ್ನು ಹೀರುವುದೆಂದು ತಿಳಿಸಿದ್ದನು. ಎಲೆಯಿಂದ ತಾನೂ ಆಹಾರವನ್ನು ಮಾಡಿಕೊಳ್ಳುವುದಾದರೂ, ನೀರು ಲವಣಗಳಿಗೆ ಅದು ನೆರೆಯವರನ್ನು ಆಶ್ರಯಿಸಿರುವುದು. ರಾಜವೃಕ್ಷವು ಪ್ರಜೆಗಳ ಅನ್ನದಿಂದ ಬದುಕುವುದು!

ಇಂದು ಗಂಧವನ್ನು ನೆಡುವವರು ಜೊತೆಯಲ್ಲಿ ತೊಗರಿ, ಹೊಂಗೆಗಳನ್ನೂ ಬೆಳೆಸುವರು. ವಾಚಕರೇ, ಸುತ್ತಣ ಕಾಡನ್ನು ಕುರುಚಲೆಂದು ಕಡಿದು ಗಂಧವೊಂದನ್ನೇ ಉಳಿಸುವೆವೆಂಬುದು ಭ್ರಾಂತಿ. ಪರಿಮಳವು ಗಂಧದ್ದಾದರೂ ಅನ್ನವು ನೆರೆಯವರದು.